ಕೋಟೆಯಿಲ್ಲದ ಕೋಟೆಯಲ್ಲಿ ಒಂದು ಬೆಳಗು

ಮುಂಬಯಿಗೆ ಹೋಗಿ ಬರುವ ನಮ್ಮವರ ಸಂಖ್ಯೆ ಕಡಮೆಯೇನಲ್ಲ. ಮಗನಿಗೆ ಅಲ್ಲಿ ನೌಕರಿಯಿರುತ್ತದೆ. ಮಗಳನ್ನು ಅಲ್ಲಿಗೆ ಕೊಟ್ಟಿರುತ್ತಾರೆ. ಇಲ್ಲವೆ ದೂರದ ಸಂಬಂಧಿಕರ ಮನೆಯ ಮದುವೆಯೊಂದು ಒದಗಿ ಬರುತ್ತದೆ. ಹೋದವರು ಚೌಪಾಟಿಯ ಮರಳಿನಲ್ಲಿ ಕುಳಿತು, ಮಹಾಲಕ್ಷ್ಮಿಯ ದರ್ಶನ ಮಾಡಿ, ಗೇಟ್‌ವೇ ಆಫ್ ಇಂಡಿಯಾದ ಎದುರಿನಲ್ಲಿ ಒಂದು ಭಾವಚಿತ್ರ ತೆಗೆಸಿಕೊಂಡು ಮರಳಿದರೆಂದರೆ ಮುಂಬಯಿ ನೋಡಿದಂತಾಯಿತು. ನಾನೂ ಹೀಗೆಯೇ ಏಳೆಂಟು ಸಲ ಮುಂಬಯಿಯನ್ನು ನೋಡಿದವನು. ಆದರೆ ಊರಿನಲ್ಲಿ ಓಡಾಡುವುದು ಬೇರೆ, ಊರನ್ನು ನೋಡುವುದು ಬೇರೆ ಎಂಬುದು ನನಗೆ ಅರಿವಾದದ್ದು ಈ ಸಲ, ಹನ್ನೆರಡು ವರ್ಷದ ಮೊಮ್ಮಗಳ ದೆಸೆಯಿಂದ.

ಮಾಟುಂಗದಲ್ಲಿರುವ ನನ್ನ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು: ತನ್ನ ಊರಿನ ಹಳೆಯ ಭಾಗವೊಂದನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಕಂಡದ್ದನ್ನು ಬರೆದು ತರಬೇಕು. ಭಾನುವಾರದ ಬೆಳಗ್ಗೆ ಫೋರ್ಟ್ ಭಾಗದಲ್ಲಿ ಜನರನ್ನು ನಡೆಸಿಕೊಂಡು ಹೋಗಿ ಕಟ್ಟಡಗಳ ಕಥೆ ಹೇಳುವ ತಂಡವೊಂದಿದೆಯೆಂದು ತಿಳಿದು, ಅವಳ ತಾಯಿ ಇಬ್ಬರ ಹೆಸರನ್ನು ಬರೆಯಿಸಿದಳು. “ಅಪ್ಪಾ, ನೀವೂ ಹೋಗಿ ಬರ್ರಿ, ಮೂರು ಕಿಲೋಮೀಟರು, ಅಷ್ಟೇ” ಎಂದಳು. ಕಟ್ಟಡದ ನೆರಳಿನಲ್ಲಿ ಮೂರು ಕಿಲೋಮೀಟರು ನಡೆಯುವುದೇನೂ ದೊಡ್ಡದಲ್ಲವೆಂದು ಒಪ್ಪಿಕೊಂಡೆ. ಮನಸ್ಸಿನಲ್ಲಿ ಬೇರೊಂದು ಕಾರಣವೂ ಇದ್ದಿತು. ಅದನ್ನು ಮುಂದೆ ಹೇಳುತ್ತೇನೆ.

ಬೆಳಗ್ಗೆ ಏಳು ಗಂಟೆಗೆ ಗೇಟ್‌ವೇ ಎದುರಿಗೆ ಹತ್ತು ಮಂದಿ ಸೇರಿದೆವು. ನಮ್ಮನ್ನು ನಡೆಸುವವಳು ವಾಸ್ತುಶಿಲ್ಪ ಕಲಿತ ಒಬ್ಬ ಮರಾಠಿ ತರುಣಿ. ಮೊಮ್ಮಗಳು ಎಲ್ಲರಿಗಿಂತ ಮೊದಲೇ ಪ್ರಶ್ನೆ ಹಾಕಿಬಿಟ್ಟಳು: “ಇದಕ್ಕ ಫೋರ್ಟ್ ಅಂತಾರ. ಕೋಟೆ ಎಲ್ಲಿ ಐತಿ ಅಜ್ಜಾ?” ನಾನು ತಬ್ಬಿಬ್ಬಾದೆ. ತರುಣಿ ನಕ್ಕು ವಿವರಿಸಿದಳು. ಈಸ್ಟ್ ಇಂಡಿಯಾ ಕಂಪನಿಯ ಕಾಲಕ್ಕೆ ಇಲ್ಲಿ ನಿಜವಾಗಿಯೂ ಕೋಟೆಯಿದ್ದಿತು. ಅಪೊಲೊ ಗೇಟು, ಚರ್ಚ್ ಗೇಟು, ಬಝಾರ್ ಗೇಟು ಎಂದು ಅದಕ್ಕೆ ಮೂರು ಬಾಗಿಲುಗಳು. 1860ರ ದಶಕದಲ್ಲಿ ಸರ್ ಬಾರ್ಟಲ್ ಫ್ರಿಯರ್ ಗವರ್ನರನಾಗಿದ್ದಾಗ ಆ ಗೋಡೆಗಳನ್ನು ಕೆಡವಿಸಿದನು. ಶತ್ರುಗಳ ಭಯ ಹೋಗಿ, ಊರು ಗೋಡೆಯನ್ನು ಮೀರಿ ಬೆಳೆದಿದ್ದಿತು. ಕೋಟೆ ಹೋಯಿತು, ಹೆಸರು ಉಳಿಯಿತು. ಗೋಡೆಯಿದ್ದ ಜಾಗದ ಹೊರಮಗ್ಗುಲಿನಲ್ಲಿ ಸಾಲಾಗಿ ಎದ್ದ ಸರಕಾರಿ ಕಟ್ಟಡಗಳನ್ನೇ ನಾವು ಅಂದು ನೋಡಬೇಕಾಗಿದ್ದದ್ದು.

ನಮ್ಮ ಗುಂಪಿನಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದರು. ಬಿಳಿಯ ಪೈಜಾಮ, ಬಗಲಿನಲ್ಲಿ ಖಾದಿ ಚೀಲ. ಅವರು ಕಮಾನನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ ನೋಡಿ, “ಇವೆಲ್ಲ ನಮ್ಮ ದಾಸ್ಯದ ಗುರುತುಗಳು ತಾಯಿ. ಇವನ್ನು ಕೊಂಡಾಡುವುದಕ್ಕೆ ನಾವು ಬೆಳಗ್ಗೆ ಎದ್ದು ಬರಬೇಕೆ?” ಎಂದು ಕೇಳಿದರು. ಮಾತಿನಲ್ಲಿ ಕುಚೋದ್ಯವಿರಲಿಲ್ಲ, ನೋವಿದ್ದಿತು. ತರುಣಿ ವಾದಕ್ಕಿಳಿಯಲಿಲ್ಲ. “ಕೊಂಡಾಡುವುದು ಬೇಡ, ಕಾಕಾ. ಲೆಕ್ಕ ನೋಡೋಣ. ಯಾರು ಕಟ್ಟಿಸಿದರು, ಯಾರ ಹಣ, ಯಾರ ಕೈ, ಆಮೇಲೆ ಏನಾಯಿತು ಎಂದು ಪ್ರತಿಯೊಂದರ ಮುಂದೆಯೂ ಕೇಳೋಣ. ಕೊನೆಗೆ ನೀವೇ ತೀರ್ಪು ಹೇಳಿ” ಎಂದಳು. ಈ ಮಾತು ನನಗೆ ಹಿಡಿಸಿತು. ವಾಚಕರೂ ಇದೇ ನಾಲ್ಕು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ನಮ್ಮೊಡನೆ ನಡೆಯಬಹುದು.

ಮೊದಲ ಲೆಕ್ಕ ಗೇಟ್‌ವೇಯದೇ. ಐದನೆಯ ಜಾರ್ಜ್ ದೊರೆ 1911ರ ಡಿಸೆಂಬರಿನಲ್ಲಿ ಇಲ್ಲಿಯೇ ಹಡಗಿನಿಂದ ಇಳಿದನು. ಅವನ ಆಗಮನದ ನೆನಪಿಗೆಂದೇ ಇದರ ಅಡಿಗಲ್ಲನ್ನು ಹಾಕಿದ್ದು. ಆದರೆ ದೊರೆ ಬಂದಾಗ ಈ ಕಲ್ಲಿನ ಕಮಾನು ಇನ್ನೂ ಎದ್ದಿರಲಿಲ್ಲ. ಜಾರ್ಜ್ ವಿಟೆಟ್ ಎಂಬ ವಾಸ್ತುಶಿಲ್ಪಿಯ ನಕಾಶೆಗೆ ಒಪ್ಪಿಗೆ ಸಿಕ್ಕಿದ್ದು 1914ರಲ್ಲಿ. ಕಟ್ಟಡ ಮುಗಿದು ಪ್ರಾರಂಭೋತ್ಸವವಾದದ್ದು 1924ರ ಡಿಸೆಂಬರಿನಲ್ಲಿ. ಸುಮಾರು 21 ಲಕ್ಷ ರೂಪಾಯಿ ವೆಚ್ಚವಾಯಿತು. ಯಾರಿಗಾಗಿ ಕಟ್ಟಿತೋ ಆ ದೊರೆ ಇದರಡಿಯಲ್ಲಿ ನಡೆಯಲೇ ಇಲ್ಲ. ಇನ್ನು 24 ವರ್ಷ ಕಳೆಯುವುದರೊಳಗೆ, 1948ರ ಫೆಬ್ರವರಿ 28ರಂದು, ಭಾರತದಲ್ಲಿ ಉಳಿದಿದ್ದ ಕೊನೆಯ ಬ್ರಿಟಿಷ್ ಪಡೆ ಇದೇ ಕಮಾನಿನಡಿಯಿಂದ ಹಾದು ಹಡಗು ಹತ್ತಿತು. ಸ್ವಾಗತಕ್ಕೆಂದು ಎದ್ದ ಬಾಗಿಲು ಬೀಳ್ಕೊಡುಗೆಯ ಬಾಗಿಲಾಯಿತು. ಉಪಾಧ್ಯಾಯರು “ಹೂಂ” ಎಂದರು. ಮುಖದಲ್ಲಿ ಸಣ್ಣ ಸಮಾಧಾನ ಕಾಣಿಸಿತು.

ಅಲ್ಲಿಂದ ಅಪೊಲೊ ಬಂದರಿನ ರಸ್ತೆ ಹಿಡಿದು ಬಂದರೆ, ತೋಟದ ನಡುವೆ ದೊಡ್ಡ ಗುಮ್ಮಟವನ್ನು ಹೊತ್ತ ವಸ್ತುಸಂಗ್ರಹಾಲಯ. ಹಿಂದೆ ಇದು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಈಗ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಇದೂ ವಿಟೆಟನ ಕೃತಿಯೇ. 1905ರಲ್ಲಿ ಅಡಿಗಲ್ಲು, 1914ರಲ್ಲಿ ಕಟ್ಟಡ ಸಿದ್ಧ. ಯುದ್ಧಕಾಲದಲ್ಲಿ ಸೈನಿಕರ ಆಸ್ಪತ್ರೆಯಾಗಿದ್ದು, 1922ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮೊಮ್ಮಗಳು ಕತ್ತೆತ್ತಿ ನೋಡಿ ಥಟ್ಟನೆ ನನ್ನ ಕೈ ಜಗ್ಗಿದಳು. “ಅಜ್ಜಾ, ಇದು ನಮ್ಮ ಗೋಲಗುಂಬಜ್ ಅಲ್ಲೇನು?”

ತರುಣಿಗೆ ಕನ್ನಡ ಬಾರದಿದ್ದರೂ “ಗೋಲಗುಂಬಜ್” ಎಂಬ ಮಾತು ಅರ್ಥವಾಯಿತು. “ಸರಿಯಾಗಿ ಹೇಳಿದೆ. ಈ ಗುಮ್ಮಟಕ್ಕೆ ಮಾದರಿ ಬಿಜಾಪುರದ್ದೇ” ಎಂದಳು. ನನಗೆ ಮೈ ಝುಮ್ಮೆಂದಿತು. ಏಳೆಂಟು ಸಲ ಈ ರಸ್ತೆಯಲ್ಲಿ ಬಸ್ಸಿನಲ್ಲಿ ಹಾದುಹೋದವನು ಒಮ್ಮೆಯೂ ಇದನ್ನು ಗುರುತಿಸಿರಲಿಲ್ಲ!

ಆಳುವವರಿಗೆ ಇದ್ದಕ್ಕಿದ್ದಂತೆ ವಿಜಯಪುರದ ಮೇಲೆ ಪ್ರೀತಿ ಹುಟ್ಟಿದ್ದೇತಕ್ಕೆ? ಅದಕ್ಕೂ ಒಂದು ಹಿನ್ನೆಲೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಇಂಗ್ಲಿಷ್ ಅಧಿಕಾರಿಗಳು ತಮ್ಮ ದೇಶದ ಗಾಥಿಕ್ ಶೈಲಿಯನ್ನು ಇಲ್ಲಿಗೆ ತಂದರು. ಮಧ್ಯಯುಗದ ಯೂರೋಪಿನ ದೊಡ್ಡ ಇಗರ್ಜಿಗಳ ಶೈಲಿ ಅದು: ಚೂಪು ತುದಿಯ ಕಮಾನು, ಕಡಿದಾದ ಮಾಡು, ಮುಗಿಲು ಚುಚ್ಚುವ ಶಿಖರ. ಆದರೆ ಪರಕೀಯರೆನಿಸಿಕೊಂಡೇ ಬಹುಕಾಲ ಆಳುವುದು ಕಷ್ಟ. ತಾವೂ ಈ ನೆಲದ ಹಳೆಯ ಸುಲ್ತಾನರ, ಬಾದಶಹರ ವಾರಸುದಾರರೆಂದು ತೋರಿಸಿಕೊಳ್ಳುವ ಆಸೆ ಅವರಲ್ಲಿ ಮೂಡಿತು. ಆಗ ಭಾರತದ ಗುಮ್ಮಟ, ಜಾಲಂಧ್ರ, ಛಜ್ಜಗಳನ್ನು ತಮ್ಮ ಕಚೇರಿಗಳಿಗೆ ಹೊದಿಸಿದರು. ಇದಕ್ಕೆ ಇಂಡೋ-ಸಾರ್ಸೆನಿಕ್ ಎಂದು ಹೆಸರಾಯಿತು. ವಿಜಯಪುರದ ಕಟ್ಟಡಗಳನ್ನು ಅಳೆದು ಚಿತ್ರ ಬರೆಸಿದ ದೊಡ್ಡ ಗ್ರಂಥವೊಂದು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹಗಳೊಡನೆ 1866ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಅಚ್ಚಾಗಿದ್ದಿತು. ಹೀಗೆ ಮಹಮ್ಮದ್ ಆದಿಲಶಹನ ಗೋರಿಯ ಗುಮ್ಮಟ ಇಂಗ್ಲಿಷ್ ವಾಸ್ತುಶಿಲ್ಪಿಗಳ ಮೇಜಿನ ಮೇಲಕ್ಕೆ ಬಂದಿತು. ನಮ್ಮಲ್ಲಿ ಹಾಳುಬಿದ್ದಿದ್ದ ಆದಿಲಶಾಹಿ ಅರಮನೆಗಳನ್ನು ಜಿಲ್ಲೆಯ ಕಚೇರಿಗಳನ್ನಾಗಿ ಮಾಡಿಕೊಂಡವರೂ ಅವರೇ, ಅದೇ ಊರಿನ ಗುಮ್ಮಟದ ರೂಪವನ್ನು ರಾಜಧಾನಿಯ ತಲೆಯ ಮೇಲೆ ಇಟ್ಟುಕೊಂಡವರೂ ಅವರೇ!

ಮುಂದೆ ಕಾಲಾ ಘೋಡಾ. ಇಲ್ಲಿ ಏಳನೆಯ ಎಡ್ವರ್ಡನು ಕರಿಯ ಕುದುರೆಯನ್ನೇರಿದ ಪ್ರತಿಮೆಯೊಂದು 1879ರಿಂದ ಇದ್ದಿತು. ಅದನ್ನು ಕೊಟ್ಟವನು ಆಲ್ಬರ್ಟ್ ಸಸೂನ್ ಎಂಬ ಯೆಹೂದಿ ವರ್ತಕ. 1965ರಲ್ಲಿ ಅದನ್ನು ಬೈಕಳಾದ ಉದ್ಯಾನಕ್ಕೆ ಸಾಗಿಸಿದರು. ದೊರೆ ಹೋದರೂ ಜನರ ಬಾಯಲ್ಲಿ ಕುದುರೆ ಉಳಿಯಿತು. 2017ರಲ್ಲಿ ಅಲ್ಲಿ ಹೊಸದೊಂದು ಕರಿಯ ಕುದುರೆಯನ್ನು ನಿಲ್ಲಿಸಿದ್ದಾರೆ. ಬೆನ್ನ ಮೇಲೆ ಸವಾರನಿಲ್ಲ! ಹತ್ತಿರದಲ್ಲಿಯೇ 1870ರ ಡೇವಿಡ್ ಸಸೂನ್ ಗ್ರಂಥಾಲಯ. ತರುಣಿ ಇಲ್ಲಿ ಲೆಕ್ಕವನ್ನು ಮುಚ್ಚಿಡಲಿಲ್ಲ. ಸಸೂನರ ಸಂಪತ್ತಿನಲ್ಲಿ ಚೀನಕ್ಕೆ ಸಾಗಿಸಿದ ಅಫೀಮಿನ ಪಾಲು ದೊಡ್ಡದು. ಆ ಕಾಲದ ಮುಂಬಯಿಯ ಅನೇಕ ದಾನಿಗಳ ಮಾತೂ ಹಾಗೆಯೇ ಎಂದಳು. ಒಂದು ದೇಶವನ್ನು ಮತ್ತಿನಲ್ಲಿ ಕೆಡವಿ ಬಂದ ಹಣ ಇನ್ನೊಂದು ದೇಶದಲ್ಲಿ ಓದುವ ಕೋಣೆಯಾಯಿತು. ಉಪಾಧ್ಯಾಯರು ತಮ್ಮ ಪುಟ್ಟ ವಹಿಯಲ್ಲಿ ಏನನ್ನೋ ಗುರುತು ಹಾಕಿಕೊಂಡರು.

ಎದುರಿಗೆ ಜೀರ್ಣವಾಗಿ ನಿಂತ ಕಟ್ಟಡವೊಂದನ್ನು ತೋರಿಸಿದಳು. ಹಿಂದಿನ ವಾಟ್ಸನ್ ಹೋಟೆಲು, ಈಗಿನ ಎಸ್‌ಪ್ಲನೇಡ್ ಮ್ಯಾನ್ಶನ್. ಎರಕದ ಕಬ್ಬಿಣದ ಕಂಬ ತೊಲೆಗಳನ್ನೆಲ್ಲ ಇಂಗ್ಲೆಂಡಿನಲ್ಲಿ ತಯಾರಿಸಿ, ಹಡಗಿನಲ್ಲಿ ತಂದು, ಇಲ್ಲಿ ಜೋಡಿಸಿ 1869ರ ಹೊತ್ತಿಗೆ ಮುಗಿಸಿದ ಮನೆಯಿದು. ಲ್ಯೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊಟ್ಟಮೊದಲು ತೋರಿಸಿದ್ದು ಇಲ್ಲಿಯೇ, 1896ರ ಜುಲೈ 7ರಂದು. ವಾರಕ್ಕೊಂದು ಸಿನಿಮಾ ನೋಡುವ ನಮ್ಮ ಮನೆಗಳವರು ಈ ಮುರುಕು ಕಟ್ಟಡಕ್ಕೆ ಒಂದು ನಮಸ್ಕಾರ ಹಾಕಿದರೆ ತಪ್ಪೇನಿಲ್ಲ.

ಇನ್ನು ನನ್ನ ಮನಸ್ಸಿನಲ್ಲಿದ್ದ ಕಾರಣಕ್ಕೆ ಬರುತ್ತೇನೆ. ಓವಲ್ ಮೈದಾನದ ಅಂಚಿಗೆ ಬಂದು ತಿರುಗಿ ನಿಂತರೆ, ಮುಂಬಯಿ ವಿಶ್ವವಿದ್ಯಾನಿಲಯದ ಪದವೀದಾನ ಮಂದಿರವೂ ಗ್ರಂಥಾಲಯವೂ, ಅದರ ಮೇಲೆ ರಾಜಾಬಾಯಿ ಗೋಪುರವೂ ಎದುರಾಗುತ್ತವೆ. ನಮ್ಮ ತಂದೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ 1945ರಲ್ಲಿ ಬಿ.ಎ. ಆದವರು. ಆಗ ನಮಗೆ ಬೇರೆ ವಿಶ್ವವಿದ್ಯಾನಿಲಯವಿರಲಿಲ್ಲ. ಕರ್ನಾಟಕ ವಿಶ್ವವಿದ್ಯಾನಿಲಯ ಹುಟ್ಟಿದ್ದು 1949ರಲ್ಲಿ. ಧಾರವಾಡ, ಬೆಳಗಾವಿ, ವಿಜಯಪುರಗಳ ಹುಡುಗರಿಗೆಲ್ಲ ಮುಂಬಯಿಯದೇ ಪದವಿ. ತಂದೆಯವರಿಗೆ ಪದವೀದಾನ ಸಮಾರಂಭಕ್ಕೆ ಬರುವ ಆಸೆ ಬಹಳವಿದ್ದಿತಂತೆ. ರೈಲಿನ ಖರ್ಚು, ಬಾಡಿಗೆಯ ಗೌನು, ಎರಡು ದಿನದ ಊಟ ವಸತಿ ಇವನ್ನೆಲ್ಲ ಕೂಡಿಸಿ ನೋಡಿದಾಗ ತಂಗಿಯ ಮದುವೆಯ ಸಾಲ ಎದುರಿಗೆ ನಿಂತಿತು. ಪದವಿಪತ್ರ ಅಂಚೆಯಲ್ಲಿ ಬಂದಿತು. ಸಮಾರಂಭಕ್ಕೆ ಹೋಗಿದ್ದ ಸಹಪಾಠಿಯೊಬ್ಬರು ಈ ಗೋಪುರದ ಚಿತ್ರವಿದ್ದ ಕಾರ್ಡೊಂದನ್ನು ಕಳಿಸಿ, ನೀನೂ ಬಂದಿದ್ದರೆ ಚೆನ್ನಾಗಿತ್ತು ಎಂದು ಬರೆದಿದ್ದರು. ಆ ಕಾರ್ಡು ಚೌಕಟ್ಟು ಹಾಕಿಸಿದ ಪದವಿಪತ್ರದ ಹಿಂದೆ ತಂದೆಯವರು ಇರುವ ತನಕ ಇದ್ದಿತು. ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನೂರಾರು ಹುಡುಗರನ್ನು ಪಾಸು ಮಾಡಿಸಿದವರು ತಮ್ಮ ವಿಶ್ವವಿದ್ಯಾನಿಲಯವನ್ನು ಕಣ್ಣಿನಿಂದ ನೋಡಲೇ ಇಲ್ಲ.

ನಾನು ಈ ಮಾತನ್ನು ಯಾರಿಗೂ ಹೇಳದೆ ಸುಮ್ಮನೆ ಗೋಪುರವನ್ನು ನೋಡುತ್ತಿದ್ದೆ. ತರುಣಿ ಲೆಕ್ಕ ಹೇಳುತ್ತಿದ್ದಳು. ಇದರ ನಕಾಶೆ ಬರೆದವನು ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್, ಇಂಗ್ಲೆಂಡಿನ ಪ್ರಖ್ಯಾತ ವಾಸ್ತುಶಿಲ್ಪಿ. ಅವನು ಮುಂಬಯಿಗೆ ಒಮ್ಮೆಯೂ ಬಂದವನಲ್ಲ! ಗೋಪುರದ ಕೆಲಸ ಆರಂಭವಾದದ್ದು 1869ರಲ್ಲಿ, ಮುಗಿದದ್ದು 1878ರಲ್ಲಿ. ಎತ್ತರ 280 ಅಡಿ. ಪದವೀದಾನ ಮಂದಿರಕ್ಕೆ ಒಂದು ಲಕ್ಷ ಕೊಟ್ಟವರು ಪಾರ್ಸಿ ಗೃಹಸ್ಥರಾದ ಸರ್ ಕಾವಸ್‌ಜಿ ಜಹಾಂಗೀರ್. ಗ್ರಂಥಾಲಯಕ್ಕೆ ಎರಡು ಲಕ್ಷ, ಗೋಪುರಕ್ಕೆ ಮತ್ತೆರಡು ಲಕ್ಷ ಕೊಟ್ಟವರು ಪ್ರೇಮಚಂದ್ ರಾಯಚಂದ್. ರಾಜಾಬಾಯಿ ಎಂಬುದು ಅವರ ತಾಯಿಯ ಹೆಸರು. ಜೈನ ನೇಮದಂತೆ ಸೂರ್ಯಾಸ್ತಕ್ಕೆ ಮುಂಚೆಯೇ ಉಣಬೇಕಾಗಿದ್ದ, ಕಣ್ಣು ಕಾಣದ ಆ ತಾಯಿಗೆ ಗಂಟೆಯ ದನಿ ಹೊತ್ತು ತಿಳಿಸುತ್ತಿದ್ದಿತೆಂದು ಜನ ಕಥೆ ಹೇಳುತ್ತಾರೆ. ಗೋಪುರದ ಮೇಲೆ ಪಶ್ಚಿಮ ಭಾರತದ ನಾನಾ ಜನಗಳ 24 ಕಲ್ಲಿನ ಮೂರ್ತಿಗಳಿವೆ. ಅವುಗಳನ್ನು ರೂಪಿಸಿದವರು ಮುಕುಂದ ರಾಮಚಂದ್ರ ಎಂಬ ನಮ್ಮವರೇ ಆದ ಎಂಜಿನಿಯರು.

“ಅಷ್ಟು ಹಣ ಅವರಿಗೆ ಎಲ್ಲಿಂದ ಬಂತು?” ಎಂದು ಮೊಮ್ಮಗಳು ಕೇಳಿದಳು. “ಹತ್ತಿಯಿಂದ” ಎಂದಳು ತರುಣಿ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಭಾರತದ ಹತ್ತಿಗೆ ಕೇಳಿದ ಬೆಲೆ. ಮುಂಬಯಿಯಲ್ಲಿ ಹಣದ ಹೊಳೆ ಹರಿಯಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿದು, ಶೇರುಗಳು ಕಾಗದದ ಚೂರುಗಳಾಗಿ, ಪ್ರೇಮಚಂದರೇ ದಿವಾಳಿಯಾದರು. ಕೊಟ್ಟ ದಾನ ಮಾತ್ರ ಗೋಪುರವಾಗಿ ಎದ್ದಿತು.

ಈ ಮಾತು ಬಂದಾಗ ನಾನು ಬಾಯಿ ತೆರೆಯದೆ ಇರಲಾಗಲಿಲ್ಲ. ಆ ಹತ್ತಿಯಲ್ಲಿ ಒಂದು ಪಾಲು ನಮ್ಮದು! ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬೆಳೆದ ಹತ್ತಿ ಚಕ್ಕಡಿಗಳಲ್ಲಿ ಘಟ್ಟವಿಳಿದು, ಕುಮಟಾದ ಬಂದರಿನಿಂದ ಹಡಗು ಹತ್ತಿ ಮುಂಬಯಿಗೆ ಬರುತ್ತಿದ್ದಿತು. ಲಿವರ್‌ಪೂಲಿನ ಪೇಟೆಯಲ್ಲಿ ಒಂದು ಜಾತಿಯ ಹತ್ತಿಗೆ “ಕುಮಟಾ” ಎಂಬುದೇ ಹೆಸರಾಗಿದ್ದಿತು. ಇದನ್ನು ಹೇಳಿದೊಡನೆ, ಅದರ ಬೆನ್ನಿಗೇ ತಂದೆಯವರ ಕಾರ್ಡಿನ ಕಥೆಯೂ ಹೊರಬಂದಿತು. ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಖಾದಿ ಚೀಲದ ಉಪಾಧ್ಯಾಯರು ನನ್ನ ಭುಜದ ಮೇಲೆ ಕೈಯಿಟ್ಟು, “ನಿಮ್ಮ ತಂದೆಯವರು ಇಲ್ಲಿಗೆ ಬರದಿದ್ದರೂ ಅವರ ಊರಿನ ಹತ್ತಿ ಬಂದಿದೆ” ಎಂದರು. ಮೊಮ್ಮಗಳು ಕೂಡಲೇ ಅದನ್ನು ಬರೆದುಕೊಂಡಳು.

ಗೋಪುರದ ನೆರೆಯಲ್ಲಿಯೇ ಹೈಕೋರ್ಟು. ಕರ್ನಲ್ ಫುಲ್ಲರ್ ಎಂಬ ಸೈನ್ಯದ ಎಂಜಿನಿಯರನ ಕೃತಿ; 1871ರಿಂದ 1878ರ ತನಕ ಕಟ್ಟಿದರು. ಕರಿಗಲ್ಲಿನ ಕೋಟೆಯಂತಹ ಮೈ, ನೆತ್ತಿಯಲ್ಲಿ ನ್ಯಾಯ ಮತ್ತು ದಯೆಯ ಪ್ರತಿಮೆಗಳು. ಒಳಗಿನ ಕಂಬವೊಂದರಲ್ಲಿ ಕೋತಿಯೊಂದು ಒಂದೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಕ್ಕಡಿ ಹಿಡಿದು ಕುಳಿತಿದೆ. ಗುತ್ತಿಗೆಯ ಜಗಳದಲ್ಲಿ ಸೋತ ಕಲ್ಲುಕುಟಿಗನೊಬ್ಬ ಹೀಗೆ ಸೇಡು ತೀರಿಸಿಕೊಂಡನೆಂಬುದು ಮುಂಬಯಿಯವರು ಹೇಳುವ ಕಥೆ. ನಮ್ಮ ಕಡೆಗೂ ಈ ಕಟ್ಟಡ ಅಪರಿಚಿತವಲ್ಲ. 1956ರ ತನಕ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಈ ನಾಲ್ಕೂ ಜಿಲ್ಲೆಗಳ ಕೊನೆಯ ಮೇಲ್ಮನವಿಗಳು ಇಲ್ಲಿಗೇ ಬರುತ್ತಿದ್ದವು. ಹೊಲದ ಬದುವಿನ ಜಗಳದಲ್ಲಿ “ಮುಂಬಯಿ ತನಕಾ ಹೋಗತೇನಿ” ಎಂದು ಹಿರಿಯರು ಗುಡುಗುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇನೆ. 2008ರಲ್ಲಿ ಧಾರವಾಡದಲ್ಲಿಯೇ ಹೈಕೋರ್ಟಿನ ಪೀಠ ಕೂಡಲಾರಂಭಿಸಿದಾಗ ಅವರು ಇದ್ದಿದ್ದರೆ ಏನೆನ್ನುತ್ತಿದ್ದರೋ!

ಇದೇ ಕಟ್ಟಡದಲ್ಲಿ 1908ರ ಜುಲೈನಲ್ಲಿ ಲೋಕಮಾನ್ಯ ತಿಲಕರಿಗೆ ರಾಜದ್ರೋಹದ ಆಪಾದನೆಯ ಮೇಲೆ ಆರು ವರ್ಷಗಳ ಗಡೀಪಾರಿನ ಶಿಕ್ಷೆಯಾಯಿತು. ತೀರ್ಪು ಕೊಟ್ಟವರು ನ್ಯಾಯಮೂರ್ತಿ ದಾವರ್. 1897ರಲ್ಲಿ ವಕೀಲರಾಗಿದ್ದಾಗ ಇದೇ ತಿಲಕರಿಗೆ ಜಾಮೀನು ದೊರಕಿಸಿಕೊಟ್ಟವರೂ ಅವರೇ. ಮಂಡಾಲೆಯ ಸೆರೆಮನೆಯಲ್ಲಿ ತಿಲಕರು “ಗೀತಾರಹಸ್ಯ”ವನ್ನು ಬರೆದರು. ಅದನ್ನು ಕನ್ನಡಕ್ಕೆ ತಂದವರು ನಮ್ಮ ಆಲೂರ ವೆಂಕಟರಾಯರು. ಶಿಕ್ಷೆ ವಿಧಿಸಿದ ಆ ಕೊಠಡಿಯ ಹೊರಗೆ, ತೀರ್ಪನ್ನು ಕೇಳಿ ತಿಲಕರು ಆಡಿದ ಮಾತುಗಳನ್ನು ಅಮೃತಶಿಲೆಯಲ್ಲಿ ಕೆತ್ತಿಸಿ ಹಾಕಿದ್ದಾರೆ. 1956ರಲ್ಲಿ ಅದನ್ನು ಅನಾವರಣ ಮಾಡಿದವರು ಅದೇ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ಎಂ. ಸಿ. ಛಾಗ್ಲಾ. ಕಟ್ಟಡವನ್ನು ಕೆಡವದೆಯೇ ತೀರ್ಪನ್ನು ತಿದ್ದಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ಬಿಸಿಲು ಏರತೊಡಗಿದ್ದಿತು. ಫ್ಲೋರಾ ಫೌಂಟನ್ನಿನ ಬಳಿ ನೀರು ಕುಡಿದು ಕ್ಷಣಕಾಲ ನಿಂತೆವು. ಹಳೆಯ ಚರ್ಚ್ ಗೇಟು ಇದ್ದ ಎಡೆಯಲ್ಲಿ 1864ರಲ್ಲಿ ಈ ಕಾರಂಜಿಯನ್ನು ನಿಲ್ಲಿಸಿದರು. ಪಕ್ಕದಲ್ಲಿ, ಸಂಯುಕ್ತ ಮಹಾರಾಷ್ಟ್ರಕ್ಕಾಗಿ ಪ್ರಾಣಕೊಟ್ಟವರ ಸ್ಮಾರಕ. ಆ ಚೌಕಕ್ಕೆ ಈಗ ಹುತಾತ್ಮಾ ಚೌಕವೆಂದು ಹೆಸರು. ಅವರ ರಾಜ್ಯ 1960ರಲ್ಲಿ ಆಯಿತು, ನಮ್ಮದು 1956ರಲ್ಲಿ. ಒಂದೇ ಕಚೇರಿಯ ಅಡಿಯಲ್ಲಿದ್ದ ಅಣ್ಣತಮ್ಮಂದಿರು ಬೇರೆ ಮನೆ ಮಾಡಿದ ಕಾಲವದು.

ಕೊನೆಯ ನಿಲುಗಡೆ ಬೋರಿ ಬಂದರಿನ ರೈಲು ನಿಲ್ದಾಣ. ವಿಕ್ಟೋರಿಯಾ ಟರ್ಮಿನಸ್ ಎಂದು ಹುಟ್ಟಿ, 1996ರಲ್ಲಿ ಛತ್ರಪತಿ ಶಿವಾಜಿಯ ಹೆಸರು ಪಡೆದು, 2017ರಲ್ಲಿ ಅದಕ್ಕೆ “ಮಹಾರಾಜ್” ಸೇರಿತು. ಎಫ್. ಡಬ್ಲ್ಯು. ಸ್ಟೀವನ್ಸ್ ಇದರ ವಾಸ್ತುಶಿಲ್ಪಿ; 1878ರಲ್ಲಿ ಆರಂಭಿಸಿ ಹತ್ತು ವರ್ಷ ಹಿಡಿಯಿತು. ಅವನ ಕೈಕೆಳಗೆ ಮೇಲ್ವಿಚಾರಣೆ ನಡೆಸಿದವರು ಸೀತಾರಾಮ ಖಂಡೇರಾವ್. ಕಲ್ಲಿನಲ್ಲಿ ನವಿಲು, ಅಳಿಲು, ಬಳ್ಳಿ, ಎಲೆಗಳನ್ನು ಅರಳಿಸಿದವರಲ್ಲಿ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳಿದ್ದರು. ಬಾಗಿಲ ಕಂಬಗಳ ಮೇಲೆ ಬ್ರಿಟನ್ನಿನ ಗುರುತಾಗಿ ಸಿಂಹ, ಭಾರತದ ಗುರುತಾಗಿ ಹುಲಿ. ಕಲ್ಲು ಹೊತ್ತ, ಸುಣ್ಣ ಕಲಸಿದ ಸಾವಿರಾರು ಕೂಲಿಗಳ ಹೆಸರುಗಳನ್ನು ಯಾವ ಕಂಬದ ಮೇಲೆಯೂ ಕೆತ್ತಿಲ್ಲ. 2004ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಓವಲ್ ಮೈದಾನದ ಎರಡೂ ಮಗ್ಗುಲಿನ ಕಟ್ಟಡಗಳಿಗೆ ಆ ಗೌರವ 2018ರಲ್ಲಿ ಬಂದಿತು.

ಪಕ್ಕದಲ್ಲಿ ದೊಡ್ಡ ಪೋಸ್ಟಾಫೀಸು. ಜಾನ್ ಬೆಗ್ ಎಂಬವನ ನಕಾಶೆ, 1913ರಲ್ಲಿ ಮುಗಿದದ್ದು. ಮೊಮ್ಮಗಳು ಈ ಸಲ ಯಾರನ್ನೂ ಕೇಳಲಿಲ್ಲ. ಗುಮ್ಮಟವನ್ನು ನೋಡಿ, “ಇನ್ನೊಂದು ಗೋಲಗುಂಬಜ್!” ಎಂದು ತಾನೇ ಘೋಷಿಸಿದಳು. ತರುಣಿ ಹೌದೆಂದು ತಲೆದೂಗಿದಳು. ತಂದೆಯವರ ಪದವಿಪತ್ರವನ್ನು ಹೊತ್ತ ಅಂಚೆಯೂ ಈ ಗುಮ್ಮಟದಡಿಯಿಂದಲೇ ಹೊರಟಿರಬೇಕೆಂದು ನನಗೆ ಅನ್ನಿಸಿತು.

ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ಲೆಕ್ಕ ಮುಗಿಸಿದೆವು. ತರುಣಿ ಉಪಾಧ್ಯಾಯರನ್ನು ನೋಡಿ, “ಕಾಕಾ, ತೀರ್ಪು?” ಎಂದಳು. ಅವರು ವಹಿಯನ್ನು ಮಡಚಿ ಹೇಳಿದರು: “ದಾಸ್ಯದ ಗುರುತು ಎಂದಿದ್ದೆ. ಆ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ. ಆದರೆ ಖತಿಯಲ್ಲಿ ಅದೊಂದೇ ಬಾಬು ಇಲ್ಲವೆಂದು ಒಪ್ಪುತ್ತೇನೆ. ಇನ್ನು ಮುಂದೆ ಇದನ್ನು ಕೆಡವಬೇಕೆನ್ನುವವನಿಗೂ, ಬರಿದೆ ಹೊಗಳುವವನಿಗೂ ಪೂರ್ತಿ ಖತಿಯನ್ನು ಓದಿಕೊಂಡು ಬಾ ಎನ್ನುತ್ತೇನೆ.” ನನಗೂ ಇದಕ್ಕಿಂತ ಹೆಚ್ಚು ಹೇಳುವುದಕ್ಕೆ ತೋಚಲಿಲ್ಲ. ಕಲ್ಲಿನ ಮೇಲೆ ಕೆತ್ತಿರುವುದು ಗವರ್ನರರ ಹೆಸರು. ಒಳಗೆ ಹೂತಿರುವುದು ಹತ್ತಿ ಬೆಳೆದವನ ಬೆವರು, ವರ್ತಕನ ಪುಣ್ಯಪಾಪ, ಕಲ್ಲುಕುಟಿಗನ ಕೈಚಳಕ, ಸೆರೆಗೆ ಹೋದವನ ಧೈರ್ಯ, ದುಡ್ಡಿಲ್ಲದೆ ಊರಿನಲ್ಲೇ ಉಳಿದ ಪದವೀಧರನ ಆಸೆ. ಹೆಸರನ್ನಷ್ಟೇ ಓದಿದರೆ ಕಟ್ಟಡ ಅವರದು. ಲೆಕ್ಕವನ್ನು ಓದಿದರೆ ನಮ್ಮದೂ ಹೌದು.

ನಮ್ಮ ವಾಚಕರಲ್ಲಿ ಮುಂಬಯಿಗೆ ಹೋಗುವವರು ಒಂದು ಭಾನುವಾರದ ಬೆಳಗನ್ನು ಇದಕ್ಕೆ ಮೀಸಲಿಡಬೇಕೆಂದು ನನ್ನ ವಿನಂತಿ. ಕಚೇರಿಗಳ ಗದ್ದಲ ಅಂದು ಇರುವುದಿಲ್ಲ, ಬೀದಿಗಳು ತೆರವಾಗಿರುತ್ತವೆ. ಮೆತ್ತನೆಯ ಪಾದರಕ್ಷೆ, ನೀರಿನ ಬಾಟಲಿ, ಒಂದು ಛತ್ರಿ ಜೊತೆಗಿರಲಿ. ಮಳೆಗಾಲದಲ್ಲಿ ಬೇಡ. ಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಿ. ನಮ್ಮ ಕಣ್ಣಿಗೆ ಬೀಳದ್ದು ಅವರ ಕಣ್ಣಿಗೆ ಬೀಳುತ್ತದೆ.

ಆ ರಾತ್ರಿ ಮೊಮ್ಮಗಳು ರಜೆಗೆಂದು ನನ್ನೊಡನೆ ಊರಿಗೆ ಹೊರಟಳು. ನಮ್ಮ ಗಾಡಿ ಹೊರಡುವುದು ಅದೇ ನಿಲ್ದಾಣದಿಂದ, ಹೋಗುವುದು ವಿಜಯಪುರದ ಮಾರ್ಗವಾಗಿ. ಮರುದಿನ ಬೆಳಗ್ಗೆ ಅವಳ ಹಟಕ್ಕೆ ನಡುವೆಯೇ ಇಳಿದೆವು. ಗೋಲಗುಂಬಜದೊಳಗೆ ನಿಂತು, 124 ಅಡಿ ಅಗಲದ ಆ ಗುಮ್ಮಟವನ್ನು ಒಂದೂ ಕಂಬದ ಆಸರೆಯಿಲ್ಲದೆ 1656ರ ಹೊತ್ತಿಗೇ ನಿಲ್ಲಿಸಿದವರಿದ್ದರೆಂದು ನಾನು ಹೇಳಿದೆ. ಅವಳು ಬಹಳ ಹೊತ್ತು ಮೇಲೆ ನೋಡಿ, “ಅಜ್ಜಾ, ಇದರ ಲೆಕ್ಕ ಯಾರು ಹೇಳತಾರ?” ಎಂದು ಕೇಳಿದಳು.

ಕೇಳಬೇಕಾದ ಪ್ರಶ್ನೆಯೇ. ಇದನ್ನು ಕಟ್ಟಿದ ಕೈಗಳು ಯಾರವು, ಕಲ್ಲು ಎಲ್ಲಿಯದು, ಹಣ ಯಾವ ರೈತನದು ಎಂದು ನಮ್ಮ ಮಕ್ಕಳನ್ನು ಸುತ್ತಾಡಿಸಿ ಹೇಳುವ ಕೆಲಸ ನಮ್ಮ ಪ್ರತಿಯೊಂದು ಊರಿನಲ್ಲೂ ನಮಗಾಗಿ ಕಾದಿದೆ.